ಅರ್ಧ ತಿದ್ದಿದ ವಾಕ್ಯ: ಗಡಿಭಾಗದ ತರಗತಿಯ ಸೃಜನಶೀಲ ಬರವಣಿಗೆಯ ಕುರಿತು

ಧ್ವನಿ ಎಲ್ಲರಿಗೂ ಕೇಳ್ತಾ ಇದೆ ಅಂತ ತಿಳ್ಕೊಂಡು ಶುರು ಮಾಡ್ತೀನಿ. ನಮ್ಮ ಕಡೆ ನೆಟ್‌ವರ್ಕ್ ಒಮ್ಮೊಮ್ಮೆ ಕೈ ಕೊಡ್ತದೆ. ನಡುವೆ ನಿಂತರೆ ದಯವಿಟ್ಟು ಒಂದು ನಿಮಿಷ ಕಾಯಿರಿ.

ನನಗೆ ಕೊಟ್ಟಿರುವ ವಿಷಯ ‘ಸಾಹಿತ್ಯ ತರಗತಿ ಮತ್ತು ಸೃಜನಶೀಲ ಬರವಣಿಗೆ: ವಿದ್ಯಾರ್ಥಿಯ ಅನುಭವ’. ಅನುಭವ ಅಂದ ಕೂಡಲೇ ನಾವೆಲ್ಲ ಒಂದೇ ದಾಟಿಗೆ ಬೀಳ್ತೀವಿ. ಚಟುವಟಿಕೆಗಳಿಂದ ಆತ್ಮವಿಶ್ವಾಸ ಬೆಳೀತು, ಕಲ್ಪನಾಶಕ್ತಿ ಅರಳಿತು, ವೇದಿಕೆಯ ಹೆದರಿಕೆ ಹೋಯ್ತು ಅಂತ ಹೇಳಿ ಕೂತುಬಿಡ್ತೀವಿ. ಅದೆಲ್ಲ ಸುಳ್ಳಲ್ಲ, ಆದರೆ ಅದನ್ನ ಕೇಳಿದವರಿಗೆ ನಾವು ಏನು ಬರೆದ್ವಿ ಅನ್ನೋದು ಗೊತ್ತಾಗೋದಿಲ್ಲ. ಹಾಗಾಗಿ ನಾನು ಎರಡು ಸೆಮಿಸ್ಟರಿನಲ್ಲಿ ನಮ್ಮ ತರಗತಿ ಬರೆದ ಕಾಗದಗಳನ್ನೇ ಮುಂದೆ ಇಟ್ಟುಕೊಂಡು ಮಾತಾಡ್ತೀನಿ. ಪಂಪನನ್ನ, ರಾಘವಾಂಕನನ್ನ ಓದುವಾಗ ಒಂದು ಪದ ಯಾಕೆ ಅಲ್ಲಿದೆ ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆಯನ್ನ ನಮ್ಮ ಬರವಣಿಗೆಗೂ ಕೇಳೋಣ.

ಮೊದಲು ಜಾಗದ ಬಗ್ಗೆ ಎರಡು ಮಾತು. ನನ್ನ ಊರು ಮೈಂದರ್ಗಿ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿದೆ. ಮನೆಯಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ ಕನ್ನಡ. ಬಸ್ಸಿನ ಬೋರ್ಡು, ಸಾತ್‌ಬಾರಾ ಉತಾರ, ತಹಸೀಲಿ ಕಚೇರಿ ಎಲ್ಲ ಮರಾಠಿ. 1967ರ ಮಹಾಜನ ವರದಿ ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಬೇಕು ಅಂತ ಶಿಫಾರಸು ಮಾಡಿತ್ತು, ಅದು ಜಾರಿಯಾಗಲಿಲ್ಲ. ಆ ವಾದ ಇವತ್ತಿನ ವಿಷಯ ಅಲ್ಲ. ಇವತ್ತಿಗೆ ಬೇಕಾದದ್ದು ಇಷ್ಟು: ನಮ್ಮ ಶಾಲೆಯ ಕನ್ನಡ ಪುಸ್ತಕ ಪುಣೆಯ ಬಾಲಭಾರತಿಯಿಂದ ಬಂದದ್ದು, ನಮ್ಮ ಮಾತಿನ ಕನ್ನಡ ಅವ್ವನಿಂದ ಬಂದದ್ದು, ನಮ್ಮ ಅರ್ಜಿಗಳು ಮರಾಠಿಯವು. ಇಂಥಲ್ಲಿಂದ ಬಂದವರು ಸ್ನಾತಕೋತ್ತರ ತರಗತಿಯಲ್ಲಿ ‘ನಿಮ್ಮದೇ ಭಾಷೆಯಲ್ಲಿ ಬರೀರಿ’ ಅಂದಾಗ ಯಾವುದನ್ನ ಎತ್ತಿಕೊಳ್ತಾರೆ?

ವಚನದ ಚಟುವಟಿಕೆಯನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ಅದರಲ್ಲಿ ಹೇಳುವಂಥದ್ದು ಕಡಿಮೆ. ಪ್ರತಿಯೊಬ್ಬರೂ ಒಂದು ಅಂಕಿತ ಆರಿಸ್ಕೊಂಡು ಮೂರು ವಚನ ಬರೀಬೇಕಿತ್ತು. ಬಂದ ವಚನಗಳಲ್ಲಿ ದೀಪ ಇತ್ತು, ಕತ್ತಲೆ ಇತ್ತು, ಅಹಂಕಾರದ ಖಂಡನೆ ಇತ್ತು, ತಾಯಿ-ತಂದೆಯ ಸೇವೆ ಇತ್ತು. ಅಂಕಿತ ತೆಗೆದುಹಾಕಿದರೆ ಯಾರದು ಯಾವುದು ಅಂತ ಗುರುತಿಸಲಿಕ್ಕೆ ಆಗ್ತಿರಲಿಲ್ಲ. ಛಂದಸ್ಸಿನ ಕಟ್ಟು ಕಾಣೋದಿಲ್ಲ ಅಂತ ವಚನವನ್ನ ಸುಲಭ ಅಂದ್ಕೊಂಡಿದ್ವಿ. ಆದರೆ ಶರಣರ ವಚನಕ್ಕೆ ಬೇರೆ ಒಂದು ಕಟ್ಟು ಇದೆ: ಅವರವರ ಕಾಯಕದ ಮಾತು. ಅಂಬಿಗರ ಚೌಡಯ್ಯನ ಹತ್ತಿರ ದೋಣಿ ಇದೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನು, ‘ಕಪಿಲಸಿದ್ಧಮಲ್ಲಿಕಾರ್ಜುನ’ ಅನ್ನೋ ಅಂಕಿತದ ಹಿಂದೆ ಮಣ್ಣು ಹೊತ್ತ ಜನರ ಬೆವರಿದೆ. ನಮ್ಮ ತರಗತಿಯಲ್ಲಿ ಬೀಡಿ ಕಟ್ಟುವ ತಾಯಂದಿರ ಮಕ್ಕಳಿದ್ದಾರೆ, ಪವರ್‌ಲೂಮಿನ ಚಾದರ ನೇಯುವವರ ಮಕ್ಕಳಿದ್ದಾರೆ, ಮಾಲದಂಡಿ ಜೋಳ, ತೊಗರಿ ಬೆಳೆಯೋರ ಮಕ್ಕಳಿದ್ದಾರೆ. ಮೂವತ್ತಕ್ಕಿಂತ ಹೆಚ್ಚು ವಚನದಲ್ಲಿ ತುಂಬುರಿ ಎಲೆ ಒಂದು ಸಲವೂ ಬರಲಿಲ್ಲ. ಬೀಡಿ ವಚನಕ್ಕೆ ತಕ್ಕದ್ದಲ್ಲ ಅಂತ ಯಾರೂ ನಮಗೆ ಹೇಳಿರಲಿಲ್ಲ. ನಮಗೆ ನಾವೇ ಹೇಳ್ಕೊಂಡಿದ್ವಿ.

ಈಗ ಮುಖ್ಯ ಮಾತಿಗೆ ಬರ್ತೀನಿ.

ನಮ್ಮ ಕಾಗದಗಳಲ್ಲಿ ಅತಿ ಹೆಚ್ಚು ಕೆಂಪು ಗೆರೆ ಬಿದ್ದದ್ದು ಒಂದು ಬಗೆಯ ವಾಕ್ಯಕ್ಕೆ: ‘ಇದು ನಮ್ಮ ಊರು ಇದೆ.’ ‘ಅವನು ನನ್ನ ಗೆಳೆಯ ಇದ್ದಾನೆ.’ ‘ನನ್ನ ತಂದೆ ರೈತ ಇದ್ದಾರೆ.’ ಗ್ರಾಂಥಿಕ ಕನ್ನಡದಲ್ಲಿ ಇಂಥ ಕಡೆ ಕ್ರಿಯಾಪದ ಬೇಕಿಲ್ಲ. ‘ಇದು ನಮ್ಮ ಊರು’ ಅಂದರೆ ಮುಗೀತು. ಮರಾಠಿಯಲ್ಲಿ ‘ಆಹೆ’ ಬೇಕು. ಹಾಗಾಗಿ ತಿದ್ದುವವರು ಪಕ್ಕದಲ್ಲಿ ‘ಮರಾಠಿ ಪ್ರಭಾವ’ ಅಂತ ಬರೀತಾರೆ, ನಾವು ತಲೆ ಬಗ್ಗಿಸ್ತೀವಿ.

ಈ ವಾಕ್ಯಕ್ಕೆ ಭಾಷಾಶಾಸ್ತ್ರದಲ್ಲಿ ಒಂದು ದೊಡ್ಡ ಹೆಸರೇ ಇದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಸಾಂಗ್ಲಿ ಜಿಲ್ಲೆಯಲ್ಲಿ ಕುಪವಾಡ ಅಂತ ಊರು. ಅಲ್ಲಿಯ ಜನರ ಮಾತನ್ನ ಅಧ್ಯಯನ ಮಾಡಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಲೋಕದ ಭಾಷಾಶಾಸ್ತ್ರ ತರಗತಿಗಳಲ್ಲಿ ಅದನ್ನ ಇವತ್ತಿಗೂ ಓದಿಸ್ತಾರೆ. ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ತಲೆತಲಾಂತರದಿಂದ ಒಟ್ಟಿಗೆ ಬಾಳಿ, ಶಬ್ದಗಳು ಬೇರೆ ಬೇರೆ ಉಳಿದರೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ, ಒಂದು ಭಾಷೆಯ ವಾಕ್ಯವನ್ನ ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದು ಅಂತ ಅವರು ತೋರಿಸಿದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಈ ಕೊನೆಯ ‘ಐತಿ’ ಕೂಡ ಒಂದು. ನಮ್ಮ ಕಾಗದದ ಮೇಲೆ ಕೆಂಪು ಗೆರೆ ತಿಂದದ್ದು ಅಲ್ಲಿ ಸಂಶೋಧನೆಯ ಪುರಾವೆ ಆಗಿದೆ!

ಇಷ್ಟು ಹೇಳಿ ‘ನೋಡ್ರಿ, ನಮ್ಮದು ತಪ್ಪೇ ಅಲ್ಲ’ ಅಂತ ಗೆದ್ದವರ ಹಾಗೆ ಕೂತರೆ ಅದು ವಿಮರ್ಶೆ ಆಗೋದಿಲ್ಲ. ವಾಕ್ಯವನ್ನ ಮತ್ತೊಮ್ಮೆ ನೋಡಬೇಕು. ಮೈಂದರ್ಗಿಯಲ್ಲಿ ಯಾರೂ ‘ಇದು ನಮ್ಮ ಊರು ಇದೆ’ ಅನ್ನೋದಿಲ್ಲ. ‘ಇದ ನಮ್ಮೂರ ಐತಿ’ ಅಂತಾರೆ. ಆ ಮಾತಿನಲ್ಲಿ ಏನೂ ಕೊರತೆ ಇಲ್ಲ. ಅದಕ್ಕೆ ತನ್ನದೇ ಲಯ ಇದೆ, ಕೊನೆಯ ‘ಐತಿ’ಯಲ್ಲಿ ಒಂದು ಹಿಡಿತ ಇದೆ. ‘ಹೌದು, ನಮ್ಮದೇ’ ಅನ್ನೋ ಹಿಡಿತ. ಬಿಜಾಪುರ, ಕಲಬುರ್ಗಿ ಕಡೆಯೂ ಇದನ್ನ ಕೇಳ್ತೀವಿ. ಕಾಗದದ ಮೇಲೆ ಬಂದ ಆ ವಾಕ್ಯ ಹಾಗಾದರೆ ಎಲ್ಲಿಂದ ಬಂತು? ವಿದ್ಯಾರ್ಥಿ ತನ್ನ ಮಾತನ್ನ ತಾನೇ ತಿದ್ದಲಿಕ್ಕೆ ಹೊರಟಾಗ ಹುಟ್ಟಿತು. ‘ಇದ’ ಅನ್ನೋದನ್ನ ‘ಇದು’ ಮಾಡಿದ. ‘ನಮ್ಮೂರ’ ಅನ್ನೋದನ್ನ ‘ನಮ್ಮ ಊರು’ ಮಾಡಿದ. ‘ಐತಿ’ ಹಳ್ಳಿಯ ಪದ ಅಂತ ಅದನ್ನ ತೆಗೆದು ‘ಇದೆ’ ಇಟ್ಟ. ಒಂದೊಂದು ಪದಕ್ಕೂ ಪುಸ್ತಕದ ಅಂಗಿ ಹಾಕಿದ, ವಾಕ್ಯದ ಮೈ ಮಾತ್ರ ಮನೆಯದೇ ಉಳೀತು. ತಪ್ಪು ಅಂತ ನಾವು ಕರೆಯೋದು ಆಡುಮಾತಿನದಲ್ಲ, ಅರ್ಧಕ್ಕೆ ನಿಂತ ತಿದ್ದುಪಡಿಯದು.

ಈ ವ್ಯತ್ಯಾಸ ಸಣ್ಣದಲ್ಲ. ಆಡುಮಾತೇ ರೋಗ ಅಂತ ತಿಳಿದರೆ ಇನ್ನಷ್ಟು ತಿದ್ದುಪಡಿ ಅದಕ್ಕೆ ಔಷಧಿ ಆಗ್ತದೆ. ಅರ್ಧ ತಿದ್ದುಪಡಿ ರೋಗ ಅಂತ ತಿಳಿದರೆ ಎರಡು ದಾರಿ ತೆರೀತಾವೆ: ಪೂರ್ತಿ ‘ಇದು ನಮ್ಮ ಊರು’ ಕಡೆಗೆ ಹೋಗಬಹುದು, ಇಲ್ಲ ಧೈರ್ಯ ಮಾಡಿ ‘ಇದ ನಮ್ಮೂರ ಐತಿ’ ಕಡೆಗೆ ವಾಪಸ್ ಬರಬಹುದು. ನಮ್ಮ ತರಗತಿಗಳಲ್ಲಿ ಎರಡನೇ ದಾರಿಯನ್ನ ತೋರಿಸೋದು ಅಪರೂಪ.

ಕಥೆ ಬರೆಯುವ ಚಟುವಟಿಕೆಯಲ್ಲೂ ಇದೇ ಆಯ್ತು, ಸ್ವಲ್ಪ ದೊಡ್ಡ ಗಾತ್ರದಲ್ಲಿ. ಶಾಲೆಯಲ್ಲಿ ಮುಖ್ಯಾಂಶ ಕೊಟ್ಟು ಕಥೆ ಬರೆಸ್ತಿದ್ದರು: ಬಡ ಹುಡುಗ, ಸಿಕ್ಕ ಹಣದ ಚೀಲ, ಪ್ರಾಮಾಣಿಕತೆ, ಬಹುಮಾನ, ತಾತ್ಪರ್ಯ. ಆ ಅಭ್ಯಾಸ ಎಂ.ಎ. ತನಕ ಬೆನ್ನು ಬಿಡೋದಿಲ್ಲ. ನಮ್ಮ ತರಗತಿಯ ಕಥೆಗಳಲ್ಲಿ ನಿರೂಪಕ ಯಾವಾಗಲೂ ಪುಸ್ತಕದ ಕನ್ನಡದಲ್ಲಿ ಮಾತಾಡ್ತಾನೆ. ‘ಸೂರ್ಯನು ಪಡುವಣದಲ್ಲಿ ಅಸ್ತಮಿಸುತ್ತಿದ್ದನು’ ಅಂತ ಶುರುವಾಗ್ತದೆ. ಅಜ್ಜಿ, ಆಳುಮಗ, ಕುಡುಕ ಗಂಡ ಇವರು ಬಂದಾಗ ಮಾತ್ರ ‘ಯಾಕಲೇ, ಎಲ್ಲಿಗಿ ಹೊಂಟೀ’ ಅನ್ನೋ ಭಾಷೆ ಬರ್ತದೆ. ಓದಿದ ನಾಯಕ ತನ್ನ ಅವ್ವನ ಜೊತೆ ಮಾತಾಡುವಾಗಲೂ ‘ಅಮ್ಮಾ, ನಾನು ಬರುತ್ತೇನೆ’ ಅಂತಾನೆ. ಅಕ್ಕಲಕೋಟೆ ತಾಲೂಕಿನ ಯಾವ ಮನೆಯಲ್ಲಿ ಮಗ ಹಾಗೆ ಮಾತಾಡಿದ್ದು ಕೇಳೀರಿ? ಆಡುಮಾತಿಗೆ ಕಥೆಯಲ್ಲಿ ಜಾಗ ಕೊಟ್ಟಿದ್ದೇವೆ ಅಂತ ನಮಗೆ ಸಮಾಧಾನ. ನಿಜವಾಗಿ ಕೊಟ್ಟದ್ದು ಕಟ್ಟೆಯ ಮೇಲಿನ ಜಾಗ, ಒಳಗೆ ಕರೆದಿಲ್ಲ. ಯಾರು ಬಡವರೋ, ಮುದುಕರೋ, ನಗೆಪಾಟಲಿಗೆ ಈಡಾಗೋರೋ ಅವರ ಬಾಯಲ್ಲಿ ಮಾತ್ರ ನಮ್ಮ ಭಾಷೆ. ಯೋಚನೆ ಮಾಡುವವನ ಬಾಯಲ್ಲಿ ಇಲ್ಲ. ಇದನ್ನ ನಾವು ಬೇಕಂತ ಮಾಡಿಲ್ಲ, ಅದಕ್ಕೇ ಇದು ಹೆಚ್ಚು ಗಂಭೀರ.

ಕನ್ನಡದಲ್ಲಿ ಇದಕ್ಕೆ ಬೇರೆ ದಾರಿ ಇಲ್ಲ ಅಂತ ಅಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲೇ ನಿರೂಪಣೆಯನ್ನೂ ನಂಜನಗೂಡು ಸೀಮೆಯ ಮಾತಿಗೆ ಒಪ್ಪಿಸಿತು. ನಮ್ಮ ಪಕ್ಕದ ಜಿಲ್ಲೆಯವರೇ ಆದ ಗೀತಾ ನಾಗಭೂಷಣ ‘ಬದುಕು’ ಕಾದಂಬರಿಗೆ ಕಲಬುರ್ಗಿ ಸೀಮೆಯ ಮಾತನ್ನ ತಂದರು, ಅದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವೆರಡನ್ನೂ ನಾವು ಸಾಹಿತ್ಯ ತರಗತಿಯಲ್ಲಿ ‘ದಲಿತ ಸಂವೇದನೆ’, ‘ಸ್ತ್ರೀ ಸಂವೇದನೆ’ ಅನ್ನೋ ಶೀರ್ಷಿಕೆಯ ಕೆಳಗೆ ಚರ್ಚಿಸಿದ್ವಿ, ಟಿಪ್ಪಣಿ ಬರ್ಕೊಂಡ್ವಿ. ಮುಂದಿನ ತಾಸಿಗೆ ಬರವಣಿಗೆಯ ತರಗತಿ. ಅಲ್ಲಿ ಸೂರ್ಯ ಮತ್ತೆ ಪಡುವಣದಲ್ಲಿ ಅಸ್ತಮಿಸಿದ. ಒಂದು ತಾಸಿನ ಓದು ಮುಂದಿನ ತಾಸಿನ ಬರಹಕ್ಕೆ ದಾಟಲಿಲ್ಲ. ಸಾಹಿತ್ಯ ತರಗತಿಯಲ್ಲಿ ಲೇಖಕರು ಏನು ಹೇಳಿದ್ದಾರೆ ಅಂತ ಕೇಳ್ತೀವಿ, ಯಾವ ಮಾತಿನಲ್ಲಿ ಹೇಳಿದ್ದಾರೆ ಅಂತ ಪರೀಕ್ಷೆಗೆ ಬೇಕಾದಷ್ಟೇ ಕೇಳ್ತೀವಿ.

ದಾಟಿದ್ದು ಎಲ್ಲಿ ಅಂದ್ರೆ ತ್ರಿಪದಿಯಲ್ಲಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಛಂದಸ್ಸಿನ ಪಾಠದಲ್ಲಿ ಎಲ್ಲರೂ ಓದಿರ್ತೀರಿ. ತ್ರಿಪದಿಗೆ ಒಟ್ಟು 11 ಗಣ, ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಆಗಲೇ ಇದೆ, ಸರ್ವಜ್ಞನಲ್ಲಿ ಇದೆ, ಬೀಸುವ ಕಲ್ಲಿನ ಹಾಡಿನಲ್ಲಿ ಇದೆ. ಇದನ್ನೆಲ್ಲ ಐದು ಅಂಕದ ಉತ್ತರವಾಗಿ ಎಷ್ಟೋ ಸಲ ಬರೆದೀವಿ. ಒಮ್ಮೆ ಮಾತ್ರ ‘ಲಕ್ಷಣ ಬರೀಬ್ಯಾಡ್ರಿ, ಒಂದು ತ್ರಿಪದಿ ಬರ್ಕೊಂಡು ಬರ್ರಿ, ಹಾಡಿ ತೋರಿಸ್ರಿ’ ಅಂತ ಹೇಳಿದರು. ಭೀಮಾ ಹೊಳೆ ದಡದ ಊರಿನ ಒಬ್ಬ ಸಹಪಾಠಿ ಬರ್ಕೊಂಡು ಬಂದದ್ದು ಇದು. ಅವಳ ಒಪ್ಪಿಗೆ ತಗೊಂಡೇ ಇಲ್ಲಿ ಓದ್ತೀನಿ:

ಹೊಳಿಯಾಚೆ ತವರೂರು ಹೊಳಿಯೀಚೆ ನನ್ನೂರು
ಕೇಳ್ಯಾವ ನೀರ ನಡುವಿಂದ ನಿಲ್ಲದ
ಹೇಳವ್ವ ನಿನ್ನ ಊರ್ಯಾವ್ದ

ಮೊದಲ ಸಾಲಿನಲ್ಲಿ ಹೊಸದೇನಿಲ್ಲ. ಹೊಳಿಯಾಚೆ-ಹೊಳಿಯೀಚೆ ನಾವು ನೂರು ಹಾಡಿನಲ್ಲಿ ಕೇಳಿದ್ದೇ. ಪ್ರಾಸದಲ್ಲೂ ಬಿಗಿ ಸಾಲದು. ಎರಡನೇ ಅಕ್ಷರ ಮೂರೂ ಸಾಲಿನಲ್ಲಿ ‘ಳ’ ಬಂದಿದೆ ನಿಜ, ಆದರೆ ಅದರ ಹಿಂದೆ ಒಂದು ಕಡೆ ಹ್ರಸ್ವ, ಎರಡು ಕಡೆ ದೀರ್ಘ. ಶಾಸ್ತ್ರ ಬಲ್ಲವರು ಒಪ್ಪೋದಿಲ್ಲ. ಆದರೆ ಮೂರನೇ ಸಾಲು ನೋಡ್ರಿ. ಗಂಡನ ಮನೆಗೂ ತವರಿಗೂ ನಡುವೆ ರಾಜ್ಯದ ಗಡಿ ಇರುವ ಹೆಣ್ಣುಮಗಳನ್ನ ಅಧಿಕಾರಿ ಕೇಳ್ತಿಲ್ಲ, ಜನಗಣತಿಯವರು ಕೇಳ್ತಿಲ್ಲ, ನೀರು ಕೇಳ್ತಾ ಇದೆ. ಅದೂ ನಿಂತು ಕೇಳ್ತಿಲ್ಲ, ಹರೀತಾ ಕೇಳಿ ಹೋಗ್ತದೆ. ಉತ್ತರ ಹೇಳೋದರೊಳಗೆ ಅದು ಮುಂದೆ ಹೋಗಿರ್ತದೆ.

ಇದನ್ನ ತಿದ್ದುವಾಗ ನಮ್ಮಲ್ಲಿ ಒಬ್ಬರು ‘ಊರ್ಯಾವ್ದ’ ಬ್ಯಾಡ, ‘ಊರು ಯಾವುದು’ ಅಂತ ಮಾಡೋಣ ಅಂದರು. ಮಾಡಿ ಹಾಡಿ ನೋಡಿದ್ವಿ. ಹಾಡಲಿಕ್ಕೆ ಆಗಲಿಲ್ಲ! ಯಾಕಂದ್ರೆ ಅದು ಸಾಲಿನ ಕೊನೆಯ ವಿಷ್ಣುಗಣ, ಅದಕ್ಕೆ ಮೂರು ಅಂಶ. ‘ಊ-ರ್ಯಾವ್-ದ’ ಮೂರಕ್ಕೆ ಸರಿಯಾಗಿ ಕೂತಿದೆ. ‘ಊರು ಯಾವುದು’ ಐದು ಅಕ್ಷರ, ವಿಷ್ಣುಗಣಕ್ಕೆ ನಾಲ್ಕಕ್ಕಿಂತ ಹೆಚ್ಚು ಅಕ್ಷರ ಹಿಡಿಸೋದಿಲ್ಲ. ಇತ್ತ ‘ನಿಲ್ಲದ’ ನೋಡಿದರೆ ಮಾತ್ರೆಯ ಲೆಕ್ಕದಲ್ಲಿ ನಾಲ್ಕೇ, ಪಕ್ಕದ ‘ನಡುವಿಂದ’ಕ್ಕೆ ಐದು. ಆದರೂ ಹಾಡುವಾಗ ‘ನಿಲ್ಲಾದ’ ಅಂತ ಎಳೆದರೆ ತಾನಾಗಿ ಸರಿ ಹೋಗ್ತದೆ. ಅಂಶಗಣ ಎಳೆಯಲಿಕ್ಕೆ ಬಿಡ್ತದೆ, ತುರುಕಲಿಕ್ಕೆ ಬಿಡೋದಿಲ್ಲ. ಪುಸ್ತಕದಲ್ಲಿ ಗಂಟೆಗಟ್ಟಲೆ ಓದಿ ತಿಳಿಯದ ಅಂಶಗಣ-ಮಾತ್ರಾಗಣದ ವ್ಯತ್ಯಾಸ ಅವತ್ತು ಹತ್ತು ನಿಮಿಷದಲ್ಲಿ ತಿಳೀತು. ಅದಕ್ಕಿಂತ ಮುಖ್ಯವಾದದ್ದು, ಸರಿ-ತಪ್ಪಿನ ತೀರ್ಪು ಕೆಂಪು ಪೆನ್ನಿನಿಂದ ಕಿವಿಗೆ ಬಂತು. ‘ಊರ್ಯಾವ್ದ’ ಇಲ್ಲಿ ಸರಿ, ಅದು ನಮ್ಮ ಪ್ರಾಂತದ ಮಾತು ಅನ್ನೋ ಅಭಿಮಾನದಿಂದಲ್ಲ, ಬೇರೆ ಯಾವುದೂ ಆ ಜಾಗದಲ್ಲಿ ಕೂಡೋದಿಲ್ಲ ಅನ್ನೋ ಕಾರಣದಿಂದ. ಅರ್ಧ ತಿದ್ದುಪಡಿಯನ್ನ ತ್ರಿಪದಿ ತಾನೇ ಹೊರಗೆ ಹಾಕಿತು.

ಇದು ನಮ್ಮ ಸೀಮೆಯಲ್ಲಿ ಹೊಸ ಶೋಧ ಏನಲ್ಲ. ಹೊಳೆಯ ಆಚೆ ದಡದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಬರ್ಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಹೊಳೆಯ ಈಚೆ ಸೊಲ್ಲಾಪುರದಲ್ಲಿ ಜಯದೇವಿತಾಯಿ ಲಿಗಾಡೆ. 1912ರಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡದ ಅಕ್ಷರವನ್ನ ಆಮೇಲೆ ತಾವಾಗಿ ಒಲಿಸಿಕೊಂಡರು. ಅಂಥವರು ಸಿದ್ಧರಾಮನ ಮೇಲೆ ಮಹಾಕಾವ್ಯ ಬರೆಯಹೊರಟಾಗ ಮುಂದೆ ಒಂದು ದೊಡ್ಡ ಮಾದರಿ ಇತ್ತು. ರಾಘವಾಂಕ ಇದೇ ಸಿದ್ಧರಾಮನ ಕಥೆಯನ್ನ ಷಟ್ಪದಿಯಲ್ಲಿ ಹೇಳಿದ್ದ. ಅವರು ಷಟ್ಪದಿ ಹಿಡೀಲಿಲ್ಲ. ‘ಶ್ರೀ ಸಿದ್ಧರಾಮ ಪುರಾಣ’ವನ್ನ ತ್ರಿಪದಿಯಲ್ಲಿ ಬರೆದರು. ಇದನ್ನ ನಾವು ‘ಜಾನಪದ ಪ್ರೀತಿ’ ಅಂತ ಒಂದು ಸಾಲಿನಲ್ಲಿ ಮುಗಿಸ್ತೀವಿ. ನನ್ನ ಓದಿನಲ್ಲಿ ಅದು ಪ್ರೀತಿಗಿಂತ ಹೆಚ್ಚಾಗಿ ಕಸುಬಿನ ತೀರ್ಮಾನ. ಶಾಲೆಯ ಕನ್ನಡ ಯಾರ ಕೈಗೆ ಸಿಗಲಿಲ್ಲವೋ ಅವರಿಗೆ ಕಿವಿಯ ಕನ್ನಡ ಇರ್ತದೆ, ಕಿವಿಯ ಕನ್ನಡಕ್ಕೆ ಒದಗುವ ಛಂದಸ್ಸು ತ್ರಿಪದಿ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಮಹಿಳೆ. ನಮ್ಮ ಕಾರ್ಯಕ್ರಮಗಳಲ್ಲಿ ಈ ಕೊನೆಯ ಸಂಗತಿಯನ್ನ ತಪ್ಪದೆ ಹೇಳ್ತೀವಿ, ತ್ರಿಪದಿ ಯಾಕೆ ಅನ್ನೋ ಪ್ರಶ್ನೆಯನ್ನ ಯಾವತ್ತೂ ಕೇಳೋದಿಲ್ಲ.

ಬೇಂದ್ರೆಯವರದೂ ಹಾಗೇ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿ, ಮರಾಠಿಯಲ್ಲೂ ಬರೆದರು, ಕವಿತೆಗೆ ಧಾರವಾಡದ ಆಡುಮಾತು. ಅವರ ಫೋಟೋ ಇಲ್ಲದ ಕನ್ನಡ ವಿಭಾಗ ಈ ಭಾಗದಲ್ಲಿ ಕಾಣೋದು ಕಷ್ಟ. ಆ ಫೋಟೋದ ಕೆಳಗೇ ಕೂತು ನಾವು ‘ಐತಿ’ಗೆ ಅಂಕ ಕಳೀತೀವಿ ಅಂದ್ರೆ ಹೂವಿನ ಹಾರದ ಖರ್ಚು ದಂಡ.

ಇಲ್ಲಿಯವರೆಗೆ ಕೇಳಿದವರಿಗೆ ನಾನು ಆಡುಮಾತಿನ ವಕೀಲಿ ಮಾಡ್ತಿದ್ದೀನಿ ಅನ್ನಿಸಬಹುದು. ಅನುವಾದದ ಚಟುವಟಿಕೆ ಇರದಿದ್ದರೆ ಬಹುಶಃ ನಾನೂ ಹಾಗೇ ಮುಗಿಸ್ತಿದ್ದೆ.

ಶರಣಕುಮಾರ ಲಿಂಬಾಳೆ ಅವರ ‘ಅಕ್ಕರಮಾಶಿ’ 1984ರ ಮರಾಠಿ ಆತ್ಮಕಥನ. ಲಿಂಬಾಳೆ ಹುಟ್ಟಿದ ಹನ್ನೂರು ನಮ್ಮ ಅಕ್ಕಲಕೋಟೆ ತಾಲೂಕಿನದೇ. ಅಂದ್ರೆ ನಮ್ಮ ತಾಲೂಕಿನ ಬದುಕು ನಮಗೆ ಮರಾಠಿಯಲ್ಲಿ ಓದಲಿಕ್ಕೆ ಸಿಗ್ತದೆ, ಅದನ್ನ ನಾವು ಕನ್ನಡಕ್ಕೆ ತರಬೇಕು. ನಮಗೆ ಕೊಟ್ಟ ಕೆಲಸ ಹೀಗಿತ್ತು: ಒಂದು ಪುಟವನ್ನ ಎರಡು ಸಲ ಅನುವಾದ ಮಾಡಬೇಕು, ಒಮ್ಮೆ ಪುಸ್ತಕದ ಕನ್ನಡಕ್ಕೆ, ಒಮ್ಮೆ ನಮ್ಮೂರ ಕನ್ನಡಕ್ಕೆ.

ಶೀರ್ಷಿಕೆಯಲ್ಲೇ ಅರ್ಧ ದಿನ ಹೋಯ್ತು. ಒಂದು ತೊಲಕ್ಕೆ 12 ಮಾಶಾ, ಅದರಲ್ಲಿ 11 ಇದ್ದರೆ ಒಂದು ಕಮ್ಮಿ, ಅಪ್ಪಟ ಅಲ್ಲ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಪತ್ತಾರನ ತಕ್ಕಡಿಯಿಂದ ತಂದ ಬೈಗುಳ ಅದು. ಕನ್ನಡದಲ್ಲಿ ‘ಅಕ್ರಮ’ ಅಂದರೆ ಕಾಯಿದೆಯ ವಾಸನೆ ಬರ್ತದೆ, ತಕ್ಕಡಿ ಮಾಯ ಆಗ್ತದೆ. ಒಬ್ಬರು ‘ಹನ್ನೊಂದು ಮಾಸಿ’ ಅಂದರು. ಬೈಗುಳ ಅಂತ ಯಾರಿಗೂ ತಿಳಿಯೋದಿಲ್ಲ. ಅದು ಹಾಗೇ ಉಳೀತು.

ಪುಟಕ್ಕೆ ಬಂದಾಗ ಪುಸ್ತಕದ ಕನ್ನಡ ಏನು ಮಾಡ್ತದೆ ಅಂತ ಕಣ್ಣಿಗೆ ಕಂಡಿತು. ಹಸಿವು ‘ಕ್ಷುಧೆ’ಯ ಹತ್ತಿರ ಹೋಯ್ತು, ಕೇರಿಯ ಹೆಸರು ‘ದಲಿತ ವಸತಿ’ ಆಯ್ತು, ಜಾತಿಯ ಬೈಗುಳ ‘ನಿಂದಿಸಿದನು’ ಅನ್ನೋ ಒಂದು ಕ್ರಿಯಾಪದದೊಳಗೆ ಮುಚ್ಚಿಹೋಯ್ತು. ಓದಲಿಕ್ಕೆ ಸಭ್ಯವಾಗಿತ್ತು, ಆದರೆ ಪುಟ ಸತ್ತಿತ್ತು. ಸರಿ, ಈಗ ನಮ್ಮೂರ ಕನ್ನಡ. ನಮ್ಮೂರ ಕನ್ನಡದಲ್ಲಿ ಆ ಬೈಗುಳಕ್ಕೆ ಪದ ಇದೆ. ಎಲ್ಲರಿಗೂ ಗೊತ್ತಿದೆ. ತರಗತಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಮೇಲಿನ ಓಣಿಯ ಒಬ್ಬ ಗೆಳೆಯ, ಒಳ್ಳೆಯ ಉದ್ದೇಶದಿಂದಲೇ, ಅದನ್ನ ಬೋರ್ಡಿನ ಮೇಲೆ ಬರೀಲಿಕ್ಕೆ ಎದ್ದ. ಆ ಕೇರಿಯಿಂದ ಬಂದ ಇನ್ನೊಬ್ಬ ಗೆಳೆಯ ಕೂತಲ್ಲಿಂದಲೇ ಅಂದ: ‘ನೀ ಬರೀಬ್ಯಾಡ. ಆ ಪದ ನಾ ಬರೀತೀನಿ.’ ಎದ್ದು ಬರೆದ. ಬರೆದು, ಅದನ್ನ ಅಳಿಸದೇ ಹೋಗಿ ಕೂತ.

ಆ ತಾಸಿನ ನಂತರ ‘ನಮ್ಮೂರ ಮಾತು’ ಅನ್ನೋ ಪದವನ್ನ ನಾನು ಮೊದಲಿನಷ್ಟು ಸಲೀಸಾಗಿ ಬಳಸಲಾರೆ. ಊರಿಗೆ ಒಂದು ಮಾತು ಇರೋದಿಲ್ಲ. ಅದೇ ಪದ ಒಂದು ಓಣಿಯಲ್ಲಿ ಆಡೋದು, ಇನ್ನೊಂದು ಓಣಿಯಲ್ಲಿ ತಿನ್ನೋದು. ಪುಸ್ತಕದ ಕನ್ನಡ ಈ ಗಾಯವನ್ನ ಮುಚ್ಚುತ್ತದೆ ಅನ್ನೋದು ಅದರ ದೋಷ. ಆಡುಮಾತು ಆ ಗಾಯವನ್ನ ದಿನಾ ಮಾಡ್ತದೆ ಅನ್ನೋದನ್ನ ನಾವು, ಅದರ ಅಭಿಮಾನಿಗಳು, ಹೇಳೋದಿಲ್ಲ. ಹಾಗಾಗಿ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ‘ಆಡುಮಾತಿನಲ್ಲಿ ಬರೀರಿ’ ಅಂತ ಹೇಳಿ ಕೈ ತೊಳೆದುಕೊಳ್ಳೋದೂ ಅರ್ಧ ಕೆಲಸವೇ. ಯಾರ ಆಡುಮಾತು, ಯಾರ ಬಾಯಲ್ಲಿ, ಯಾರಿಗೆ ಅಂತ ಕೇಳೋದು ಉಳಿದ ಅರ್ಧ.

ಇನ್ನು ಅಂಕದ ವಿಷಯ. ಇದನ್ನ ಹೇಳದೇ ಬಿಟ್ಟರೆ ಮೇಲಿನ ಮಾತೆಲ್ಲ ಗಾಳಿಗೆ. ಪುಸ್ತಕದ ಕನ್ನಡ ಬೇಡ ಅಂತ ನಾನು ಹೇಳ್ತಿಲ್ಲ. ನೆಟ್, ಸೆಟ್ ಪರೀಕ್ಷೆ ಇವೆ, ಮೈಸೂರಿನವರೂ ಮಂಗಳೂರಿನವರೂ ನಮ್ಮ ಬರಹ ಓದಬೇಕು, ಒಂದು ಸಂಶೋಧನಾ ಪ್ರಬಂಧವನ್ನ ತ್ರಿಪದಿಯಲ್ಲಿ ಬರೀಲಿಕ್ಕೆ ಆಗೋದಿಲ್ಲ. ‘ಇದು ನಮ್ಮ ಊರು’ ಅಂತ ತಪ್ಪಿಲ್ಲದೆ ಬರೆಯೋದನ್ನ ಕಲೀಲೇಬೇಕು. ನಾನು ಕೇಳೋದು ತಿದ್ದುವ ರೀತಿ ಬದಲಾಗಲಿ ಅಂತ. ಒಂದು ವಾಕ್ಯಕ್ಕೆ ಗೆರೆ ಎಳೆಯೋ ಮೊದಲು ಬರೆದವರಿಂದಲೇ ಅದನ್ನ ಜೋರಾಗಿ ಓದಿಸ್ರಿ. ಓದುವಾಗ ಅವರು ಬರೆದದ್ದನ್ನ ಬಿಟ್ಟು ಬೇರೆ ಏನೋ ಓದ್ತಾರೆ, ‘ಇದೆ’ ಅಂತ ಬರೆದು ‘ಐತಿ’ ಅಂತ ಓದಿಬಿಡ್ತಾರೆ. ನಮ್ಮ ಗುಂಪಿನಲ್ಲಿ ಇದನ್ನ ಎಷ್ಟೋ ಸಲ ನೋಡಿದೀನಿ. ಅಲ್ಲಿ ನಿಂತು ಕೇಳಬೇಕು: ಯಾವ ಕಡೆಗೆ ಹೋಗ್ತೀ? ಪರೀಕ್ಷೆಯ ಉತ್ತರ ಆದರೆ ಪೂರ್ತಿ ಆ ಕಡೆ. ಕಥೆ, ಕವಿತೆ ಆದರೆ ಎರಡೂ ಬರೆದು ನೋಡು, ಯಾವುದು ಉಳೀತದೋ ಅದನ್ನ ಇಟ್ಟುಕೋ. ಇದಕ್ಕೆ ಸಮಯ ಹೆಚ್ಚು ಹಿಡೀತದೆ, ಒಬ್ಬ ಅಧ್ಯಾಪಕರಿಗೆ ಅರವತ್ತು ಕಾಗದ ಇದ್ದಾಗ ಕಷ್ಟ ಅನ್ನೋದು ಗೊತ್ತಿದೆ. ವಿದ್ಯಾರ್ಥಿಗಳು ಜೋಡಿಯಾಗಿ ಒಬ್ಬರದೊಬ್ಬರು ಓದಿಸಿ ಕೇಳಿದರೆ ಆ ಭಾರ ಸ್ವಲ್ಪ ಇಳೀಬಹುದು.

ಈ ಮಾತು ನನಗೆ ಯಾಕೆ ಮುಖ್ಯ ಅಂದ್ರೆ, ಈಗ ಈ ಪರದೆಯ ಮೇಲೆ ಕಾಣ್ತಿರುವ ಮುಖಗಳಲ್ಲಿ ಹಲವರು ನಾಳೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಮಾಸ್ತರರು, ಬಾಯಿಯವರು ಆಗೋರು. ಅಲ್ಲಿ ಮೂರನೇ ಇಯತ್ತೆಯ ಒಂದು ಹುಡುಗಿ ತನ್ನ ಊರಿನ ಬಗ್ಗೆ ಐದು ವಾಕ್ಯ ಬರ್ಕೊಂಡು ಬರ್ತಾಳೆ. ಐದರಲ್ಲೂ ಕೊನೆಗೆ ‘ಇದೆ’ ಇರ್ತದೆ. ಅವಳ ಮನೆಯವರು ಆ ವರ್ಷವೇ ಅವಳನ್ನ ಮರಾಠಿ ಶಾಲೆಗೆ ಹಾಕೋಣೋ, ಇಂಗ್ಲಿಷ್ ಮೀಡಿಯಮ್ಮಿಗೆ ಹಾಕೋಣೋ ಅಂತ ಯೋಚಿಸ್ತಿರ್ತಾರೆ. ‘ನಿನಗ ಕನ್ನಡ ಬರೂದಿಲ್ಲ’ ಅನ್ನೋ ಮಾತು ಕನ್ನಡ ಶಾಲೆಯಿಂದಲೇ ಅವಳ ಮನೆಗೆ ಹೋದರೆ ಅವರ ಯೋಚನೆ ಅಲ್ಲಿಗೆ ಮುಗೀತದೆ.

ಕೊನೆಯದಾಗಿ ನಮ್ಮ ಮುಂದಿನ ಚಟುವಟಿಕೆಯ ಬಗ್ಗೆ ಒಂದು ಪ್ರಶ್ನೆಯನ್ನ ಚರ್ಚೆಗೆ ಇಡ್ತೀನಿ. ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಸಂಕ್ರಾಂತಿಗೆ ನಂದಿಕೋಲಿನ ಮದುವೆ ನಡೀತದೆ. ಸಿದ್ಧರಾಮನನ್ನೇ ಮದುವೆ ಆಗ್ತೀನಿ ಅಂತ ಹಟ ಹಿಡಿದ ಕುಂಬಾರರ ಹುಡುಗಿಗೆ ಅವನು ತನ್ನ ಯೋಗದಂಡದ ಜೊತೆ ಮದುವೆ ಮಾಡಿಸಿದ ಅನ್ನೋದು ಅದರ ಹಿಂದಿನ ಕಥೆ. ಆ ಹುಡುಗಿಯೇ ಮಾತಾಡುವ ಹಾಗೆ ಎರಡು ಪುಟ ಬರೀಬೇಕು ಅನ್ನೋದು ಈ ಸಲದ ಕೆಲಸ. ನಾವು ಆರು ಜನ ಕೂತು ಮೊದಲ ಸಾಲಿನಲ್ಲೇ ನಿಂತೀವಿ. ‘ನಾನು’ ಅಂತ ಶುರು ಮಾಡಬೇಕೋ, ‘ನಾ’ ಅಂತ ಶುರು ಮಾಡಬೇಕೋ ಅಂತ ಜಗಳ ನಡೀತಾ ಇದೆ. ಕುಂಬಾರ ಓಣಿಯ ಗೆಳತಿ ಒಬ್ಬಳು ನಮ್ಮ ಗುಂಪಿನಲ್ಲಿದ್ದಾಳೆ, ಅವಳು ಇನ್ನೂ ಏನೂ ಹೇಳಿಲ್ಲ. ಗುರುಗಳು, ಗೆಳೆಯರು ಇದಕ್ಕೆ ಏನಂತೀರಿ ಅಂತ ಕೇಳಲಿಕ್ಕೆ ಇಷ್ಟಪಡ್ತೀನಿ. ಮೈಕ್ ಬಿಟ್ಟುಕೊಡ್ತೀನಿ.